ನಿಮಗಿದು ಗೊತ್ತೆ? ಅಂಗಳಕ್ಕೆ ಅಂದ, ನಾಯಿಗೆ ನಂಜು

ಸಾಗೋ ಪಾಮ್ ಗಿಡದ ಒಂದೆರಡು ಬೀಜ ಸಾಕು, ನಾಯಿಯ ಪ್ರಾಣಕ್ಕೆ ಸಂಚಕಾರ! ಬಂಗಲೆ, ಅಪಾರ್ಟ್‌ಮೆಂಟ್, ಹೋಟೆಲುಗಳ ಮುಂದೆ ಗರಿ ಬಿಚ್ಚಿ ನಿಂತಿರುವ ಗಿಡ್ಡನೆಯ ಗಿಡವೇ ಇದು. ಹೆಸರಿನಲ್ಲಿ ಪಾಮ್ ಇದ್ದರೂ ತಾಳೆ, ತೆಂಗುಗಳ ನೆಂಟನಲ್ಲ. ಸೈಕಾಡ್ ಎಂಬ ಬಹು ಪುರಾತನ ವಂಶದ್ದು. ತವರು ದಕ್ಷಿಣ ಜಪಾನ್.

ಎಲೆ, ಬೇರು, ಕಾಂಡ ಎಲ್ಲದರಲ್ಲೂ ಸೈಕಾಸಿನ್ ಎಂಬ ವಿಷವಿದೆ. ಅತಿ ಹೆಚ್ಚು ಇರುವುದು ಹೆಣ್ಣು ಗಿಡದ ಕಿತ್ತಳೆಗೆಂಪು ಬೀಜಗಳಲ್ಲಿ. ನಾಯಿ ಮೂಸಿ ಬಿಟ್ಟೀತು ಎಂದುಕೊಳ್ಳಬೇಡಿ, ಹಲವು ನಾಯಿಗಳು ಇದನ್ನು ಇಷ್ಟಪಟ್ಟೇ ಅಗಿಯುತ್ತವೆ. ಮೊದಲು ಜೊಲ್ಲು, ವಾಂತಿ. ಎರಡು ಮೂರು ದಿನಗಳಲ್ಲಿ ಯಕೃತ್ತು ಕೈಕೊಡುತ್ತದೆ. ಚಿಕಿತ್ಸೆ ಕೊಟ್ಟರೂ ಎಲ್ಲ ನಾಯಿಗಳೂ ಉಳಿಯುವುದಿಲ್ಲ.

ನಮ್ಮ ಕಣಗಿಲೆಯೂ ಕಡಿಮೆಯದೇನಲ್ಲ. ಅದರ ವಿಷ ನೇರ ಹೃದಯಕ್ಕೇ; ಒಣಗಿ ಉದುರಿದ ಎಲೆಯಲ್ಲೂ ಉಳಿದಿರುತ್ತದೆ. ಲೋಳೆಸರ, ಸೇವಂತಿಗೆ ಹೊಟ್ಟೆ ಕೆಡಿಸುತ್ತವೆ. ಗುಲಾಬಿ, ಮಲ್ಲಿಗೆಯಲ್ಲಿ ವಿಷದ ಭಯವಿಲ್ಲ. ಗರಿಯ ಸೊಬಗೇ ಬೇಕೆಂದರೆ ಅರೆಕಾ ಪಾಮ್ ನೆಡಿ, ಅದು ನಾಯಿಗೆ ನಿರಪಾಯ.

ಸಾಗೋ ಬೀಜ ಅಗಿದ ಅನುಮಾನವಿದ್ದರೆ ವಾಂತಿಯಾಗಲಿ ಎಂದು ಕಾಯಬೇಡಿ. ತಕ್ಷಣ ಪಶುವೈದ್ಯರ ಬಳಿ ಕರೆದೊಯ್ಯಿರಿ.