ಮಕ್ಕಳಿಲ್ಲದ ಊರಿನಲ್ಲಿ ಅಜ್ಜ-ಅಜ್ಜಿಯರ ಸಂಜೆ

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ, ಅಸರ್ ನಮಾಝ್ ಮುಗಿದ ಬಳಿಕ ಮಗ್ರಿಬ್‌ವರೆಗೆ ಅವರು ಏನು ಮಾಡುತ್ತಾರೆ? ಯಾರೊಂದಿಗೆ ಮಾತನಾಡುತ್ತಾರೆ? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ ತೆರನಾಗಿರುತ್ತದೆ. "ಒಳಗೆ ಮಲಗಿರುತ್ತಾರೆ", ಇಲ್ಲವೇ "ಜಗಲಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ".

ಈ ಪ್ರಶ್ನೆ ನನ್ನ ಮನಸ್ಸಿಗೆ ಬರಲು ಕಾರಣ ನನ್ನ ತರಗತಿಯ ಒಬ್ಬ ಹುಡುಗಿ. ಮನೆಯ ಹಿರಿಯರ ಸೇವೆಯ ಬಗ್ಗೆ ಹತ್ತು ವಾಕ್ಯ ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ಅವಳು ಬರೆದಿದ್ದಳು: "ನಾವು ಅಜ್ಜಿಗೆ ಸಮಯಕ್ಕೆ ಸರಿಯಾಗಿ ಊಟ ಕೊಡುತ್ತೇವೆ. ಮದ್ದು ಕೊಡುತ್ತೇವೆ. ಅಜ್ಜಿಗೆ ಬೇಗ ಹಸಿವಾಗುವುದರಿಂದ ಅವರು ಒಬ್ಬರೇ ಊಟ ಮಾಡುತ್ತಾರೆ." ಹುಡುಗಿ ಇದನ್ನು ದೂರಿನಂತೆ ಬರೆದಿರಲಿಲ್ಲ. ಹೆಮ್ಮೆಯಿಂದಲೇ ಬರೆದಿದ್ದಳು. ನಾನು ಸರಿ ಗುರುತು ಹಾಕಿ ಪುಸ್ತಕ ಹಿಂದಿರುಗಿಸಿದೆ. ಆದರೆ ಆ ಮೂರನೇ ವಾಕ್ಯ ನನ್ನೊಂದಿಗೇ ಉಳಿಯಿತು. ನಮ್ಮ ಮನೆಯಲ್ಲೂ ಉಮ್ಮನ ಊಟ ಹಾಗೆಯೇ ನಡೆಯುತ್ತಿತ್ತು.

ವೃದ್ಧಾಪ್ಯದ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಪಾಶ್ಚಾತ್ಯರು ಹೆತ್ತವರನ್ನು ಮನೆಯಿಂದ ಹೊರಗೆ ಹಾಕುತ್ತಾರೆ, ನಾವು ಹಾಗಲ್ಲ." ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂದು ನೋಡಲು ಇಂದು ನಿಮ್ಮನ್ನು ಅಮೇರಿಕದ ಒಂದು ಊರಿಗೆ ಕರೆದೊಯ್ಯುತ್ತೇನೆ. ಅಲ್ಲಿ ಎಲ್ಲರೂ ಹಿರಿಯರೇ. ಅವರನ್ನು ಯಾರೂ ಅಲ್ಲಿಗೆ ತಂದು ಬಿಟ್ಟದ್ದಲ್ಲ. ತಾವಾಗಿಯೇ ಮನೆ ಕೊಂಡು ಬಂದವರು.

ಆರಂಭವಾದದ್ದು ಹೀಗೆ

1960ರ ಜನವರಿ 1ರಂದು ಅರಿಝೋನಾ ರಾಜ್ಯದ ಮರುಭೂಮಿಯಲ್ಲಿ ಡೆಲ್ ವೆಬ್ ಎಂಬ ಕಟ್ಟಡ ಉದ್ಯಮಿ 'ಸನ್ ಸಿಟಿ' ಎಂಬ ಹೊಸ ಊರನ್ನು ತೆರೆದರು. ಕೆಲಸದಿಂದ ನಿವೃತ್ತರಾದವರಿಗೆ ಮಾತ್ರ ಎಂಬುದು ಅದರ ವಿಶೇಷ. ಮುದುಕರೇ ಇರುವ ಊರಿಗೆ ಯಾರು ಬರುತ್ತಾರೆ ಎಂದು ಹಲವರಿಗೆ ಸಂಶಯವಿತ್ತು. ಆದರೆ ಮೊದಲ ಮೂರು ದಿನಗಳಲ್ಲೇ ಸುಮಾರು ಒಂದು ಲಕ್ಷ ಜನರು ನೋಡಲು ಬಂದರು.

ವೆಬ್ ಮಾಡಿದ ಒಂದು ಕೆಲಸವನ್ನು ಗಮನಿಸಬೇಕು. ಮೊದಲು ಮನೆಗಳನ್ನು ಮಾರಿ, ಬಳಿಕ ಸೌಲಭ್ಯ ಕೊಡುತ್ತೇವೆ ಎಂದು ಅವರು ಹೇಳಲಿಲ್ಲ. ಗಾಲ್ಫ್ ಮೈದಾನ, ಅಂಗಡಿಗಳ ಸಾಲು, ಮನರಂಜನಾ ಕೇಂದ್ರ ಎಲ್ಲವೂ ಮೊದಲ ದಿನವೇ ಸಿದ್ಧವಿದ್ದವು. ಜನರು ಕೊಂಡದ್ದು ನಾಲ್ಕು ಗೋಡೆಗಳನ್ನಷ್ಟೇ ಅಲ್ಲ, ಜೊತೆಗಾರರಿರುವ ದಿನಚರಿಯನ್ನು ಕೂಡಾ.

ಈ ಸನ್ ಸಿಟಿಯನ್ನು ಕಂಡು ಕಲಿತವರಲ್ಲಿ ಹೆರಾಲ್ಡ್ ಶ್ವಾರ್ಟ್ಸ್ ಒಬ್ಬರು. ಫ್ಲೋರಿಡಾದಲ್ಲಿ ಅವರದ್ದೊಂದು ಸಾಧಾರಣ ವಸತಿ ಬಡಾವಣೆ ಇತ್ತು. 1980ರ ದಶಕದ ಆರಂಭದವರೆಗೆ ಅಲ್ಲಿ ಮಾರಾಟವಾದದ್ದು ಸುಮಾರು 400 ಮನೆಗಳು ಮಾತ್ರ. 1983ರಲ್ಲಿ ಅವರ ಮಗ ಗ್ಯಾರಿ ಮೋರ್ಸ್ ಜೊತೆಗೂಡಿದರು. ಗಾಲ್ಫ್, ಈಜುಕೊಳ, ಸಭಾಂಗಣಗಳು ಒಂದೊಂದಾಗಿ ಬಂದವು. ಅದೇ ಇಂದಿನ 'ದಿ ವಿಲೇಜಸ್'. 2010ರ ಜನಗಣತಿಯಲ್ಲಿ ಅಲ್ಲಿ 51,442 ಜನರಿದ್ದರು. 2020ರಲ್ಲಿ 79,077. ಸುತ್ತಲಿನ ಬಡಾವಣೆಗಳನ್ನೂ ಸೇರಿಸಿದರೆ ಲಕ್ಷ ಮೀರುತ್ತದೆ. ಆ ಹತ್ತು ವರ್ಷಗಳಲ್ಲಿ ಇಡೀ ಅಮೇರಿಕದಲ್ಲೇ ಅತ್ಯಂತ ವೇಗವಾಗಿ ಬೆಳೆದ ಪಟ್ಟಣ ಪ್ರದೇಶ ಇದೇ.

ಊಟ, ಆಟ, ಕೂಟ

ಈ ಊರಿನಲ್ಲಿ ಗಾಲ್ಫ್ ಗಾಡಿ ಬಹಳ ಬಳಕೆಯಲ್ಲಿದೆ. ನಮ್ಮ ಆಟೋರಿಕ್ಷಾಕ್ಕಿಂತಲೂ ಚಿಕ್ಕದಾದ, ನಾಲ್ಕು ಚಕ್ರದ ವಾಹನ ಅದು. ಅದಕ್ಕಾಗಿಯೇ ಸುಮಾರು 100 ಮೈಲಿ ಉದ್ದದ ಪ್ರತ್ಯೇಕ ದಾರಿಗಳಿವೆ. ದೊಡ್ಡ ರಸ್ತೆಯಲ್ಲಿ ಕಾರು ಓಡಿಸಲು ಹೆದರುವ ಅಜ್ಜಿಯೂ ಇದರಲ್ಲಿ ತಾನೇ ಕುಳಿತು ಗೆಳತಿಯ ಮನೆಗೆ, ಅಂಗಡಿಗೆ, ವೈದ್ಯರ ಬಳಿಗೆ ಹೋಗುತ್ತಾಳೆ. ಯಾರನ್ನೂ "ಸ್ವಲ್ಪ ಬಿಟ್ಟು ಬಾ" ಎಂದು ಕೇಳುವ ಅಗತ್ಯವಿಲ್ಲ. ಈ ಒಂದು ಸೌಲಭ್ಯ ಇಲ್ಲದಿದ್ದರೆ ಉಳಿದ ಯಾವ ಕೂಟವೂ ನಡೆಯುತ್ತಿರಲಿಲ್ಲ.

ಊರಿನಲ್ಲಿ ಪೇಟೆ ಚೌಕಗಳಿವೆ. ಸ್ಪ್ಯಾನಿಷ್ ಸ್ಪ್ರಿಂಗ್ಸ್, ಲೇಕ್ ಸಮ್ಟರ್ ಲ್ಯಾಂಡಿಂಗ್, ಬ್ರೌನ್‌ವುಡ್ ಎಂಬವು ಮುಖ್ಯವಾದವು. ಪ್ರತಿದಿನ ಸಂಜೆ ಅಲ್ಲಿ ಸಂಗೀತ ಕಾರ್ಯಕ್ರಮ ಇರುತ್ತದೆ. ಟಿಕೆಟ್ ಇಲ್ಲ. ಮನೆಯಿಂದ ಮಡಚುವ ಕುರ್ಚಿ ತಂದು ಕುಳಿತುಕೊಳ್ಳುವವರು ಕೆಲವರು, ಸಾಲಾಗಿ ನಿಂತು ನರ್ತಿಸುವವರು ಕೆಲವರು. ಸುತ್ತಲೂ ಹೋಟೆಲುಗಳು. ರಾತ್ರಿಯೂಟ ಬೇಗ ಆರಂಭವಾಗಿ ಬೇಗ ಮುಗಿಯುತ್ತದೆ. ಬೇಗ ಹಸಿವಾಗುವುದು ಅಲ್ಲಿ ಒಂಟಿಯಾಗಿ ಉಣ್ಣಲು ಕಾರಣವಲ್ಲ, ಏಕೆಂದರೆ ಎಲ್ಲರಿಗೂ ಅದೇ ಹೊತ್ತಿಗೆ ಹಸಿವಾಗುತ್ತದೆ.

ಹೋಟೆಲಿಗಿಂತ ನನಗೆ ಇಷ್ಟವಾದದ್ದು ಬೀದಿಯ ಊಟ. ಒಂದೇ ಬೀದಿಯ ಮನೆಯವರು ಒಂದು ದಿನ ಗೊತ್ತು ಮಾಡುತ್ತಾರೆ. ಒಬ್ಬರ ಅಂಗಳದಲ್ಲಿ ಮೇಜು ಹಾಕುತ್ತಾರೆ. ಪ್ರತಿಯೊಬ್ಬರೂ ಒಂದೊಂದು ಬಗೆ ಮಾಡಿ ತರುತ್ತಾರೆ. ಯಾರಿಗೂ ಹೊರೆಯಾಗುವುದಿಲ್ಲ. ಗಂಡ ತೀರಿಕೊಂಡ ಬಳಿಕ "ಒಬ್ಬಳಿಗಾಗಿ ಏನು ಅಡುಗೆ ಮಾಡುವುದು" ಎಂದು ಬ್ರೆಡ್ ತಿಂದು ಮಲಗುವ ಹೆಂಗಸು, ಆ ದಿನ ಒಂದು ದೊಡ್ಡ ಪಾತ್ರೆ ತುಂಬಾ ಅಡುಗೆ ಮಾಡುತ್ತಾಳೆ. ತಿನ್ನಲು ಜನರಿದ್ದಾರಲ್ಲ!

ಇನ್ನು ಕ್ಲಬ್‌ಗಳ ವಿಷಯ. ಮೂರು ಸಾವಿರಕ್ಕೂ ಹೆಚ್ಚು ಕೂಟಗಳಿವೆ. ಹೊಲಿಗೆ, ಮರಗೆಲಸ, ಚಿತ್ರಕಲೆ, ಇಸ್ಪೀಟು, ಪುಸ್ತಕ ಓದು, ನೀರಿನಲ್ಲಿ ವ್ಯಾಯಾಮ, ವಂಶಾವಳಿ ಹುಡುಕಾಟ ಹೀಗೆ ಪಟ್ಟಿ ಬೆಳೆಯುತ್ತದೆ. ಒಂದೇ ರಾಜ್ಯದಿಂದ ಬಂದವರ ಕೂಟಗಳಿವೆ. ಸಂಗಾತಿಯನ್ನು ಕಳೆದುಕೊಂಡವರು ಸೇರಿ ಮನಸ್ಸು ಹಗುರ ಮಾಡಿಕೊಳ್ಳುವ ಕೂಟಗಳೂ ಇವೆ. ಇವುಗಳನ್ನು ಕಂಪೆನಿ ನಡೆಸುವುದಿಲ್ಲ, ಅಲ್ಲಿನ ನಿವಾಸಿಗಳೇ ನಡೆಸುತ್ತಾರೆ. ಕೋಣೆ, ಸಮಯ ಗೊತ್ತುಮಾಡಿ ಕೊಡುವುದಷ್ಟೇ ಆಡಳಿತದ ಕೆಲಸ. ನಿವೃತ್ತ ಶಿಕ್ಷಕಿ ಮತ್ತೆ ಪಾಠ ಹೇಳಬಹುದು, ನಿವೃತ್ತ ಬಡಗಿ ಮತ್ತೆ ಉಳಿ ಹಿಡಿಯಬಹುದು. ಅರಿಝೋನಾದ ಸನ್ ಸಿಟಿಯಲ್ಲಂತೂ ರಸ್ತೆ ಬದಿಯ ಕಸ ತೆಗೆದು ಊರನ್ನು ಸ್ವಚ್ಛವಾಗಿಡುವ ಹಿರಿಯರ ಸ್ವಯಂಸೇವಕ ತಂಡವೇ ಇದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೂಟದಲ್ಲಿ ಹಿರಿಯರಿಗೆ ಸಿಗುವುದು ಮೋಜು ಮಾತ್ರವಲ್ಲ. "ಮಂಗಳವಾರ ನೀವೇಕೆ ಬರಲಿಲ್ಲ?" ಎಂದು ಕೇಳುವ ಜನ ಸಿಗುತ್ತಾರೆ. ತನ್ನ ಗೈರುಹಾಜರಿಯನ್ನು ಯಾರೋ ಗಮನಿಸುತ್ತಾರೆ ಎಂಬ ನೆಮ್ಮದಿ ಮುದಿ ವಯಸ್ಸಿನಲ್ಲಿ ಬಹಳ ದೊಡ್ಡದು.

ಇನ್ನೊಂದು ಮುಖ

ಹಾಗಾದರೆ ಇದು ಭೂಮಿಯ ಮೇಲಿನ ಸ್ವರ್ಗವೇ? ಖಂಡಿತಾ ಅಲ್ಲ. ಅಮೇರಿಕದ 1995ರ ಕಾನೂನಿನ ಪ್ರಕಾರ ಇಂತಹ ಊರುಗಳಲ್ಲಿ ಕನಿಷ್ಠ ಶೇ. 80ರಷ್ಟು ಮನೆಗಳಲ್ಲಿ 55 ವರ್ಷ ದಾಟಿದ ಒಬ್ಬರಾದರೂ ಇರಬೇಕು. ವಿಲೇಜಸ್‌ನ ಬಹುತೇಕ ಬಡಾವಣೆಗಳಲ್ಲಿ 19 ವರ್ಷದೊಳಗಿನವರು ಶಾಶ್ವತವಾಗಿ ವಾಸಿಸುವಂತಿಲ್ಲ. ಮೊಮ್ಮಕ್ಕಳು ವರ್ಷಕ್ಕೆ 30 ದಿನ ಬಂದು ಹೋಗಬಹುದು, ಅಷ್ಟೇ. ಮುಂಜಾನೆ ಶಾಲೆಗೆ ಹೊರಡುವ ಗಡಿಬಿಡಿ ಇಲ್ಲ, ಮಗುವಿನ ಅಳು ಇಲ್ಲ. ಅದನ್ನೇ ಬಯಸಿ ಬಂದವರಿದ್ದಾರೆ. ಆದರೆ ತಾಯಿಯಾದ ನಿಮಗೆ ಓದುವಾಗಲೇ ಏನೋ ಕಳೆದುಕೊಂಡಂತೆ ಅನಿಸಲಿಲ್ಲವೇ?

ಮಕ್ಕಳಿಲ್ಲದ ಊರು ಮಕ್ಕಳನ್ನು ಮರೆಯುವುದೂ ಉಂಟು. 1960 ಮತ್ತು 70ರ ದಶಕಗಳಲ್ಲಿ ಸನ್ ಸಿಟಿಯ ಮತದಾರರು ತಮ್ಮ ಪ್ರದೇಶದ ಶಾಲೆಗಳಿಗೆ ಹಣ ಒದಗಿಸುವ ಪ್ರಸ್ತಾಪಗಳನ್ನು ಮತ್ತೆ ಮತ್ತೆ ಸೋಲಿಸಿದರು. ಕೊನೆಗೆ ಆ ಊರನ್ನೇ ಶಾಲಾ ಜಿಲ್ಲೆಯಿಂದ ಹೊರಗಿಡಬೇಕಾಯಿತು. ತಮ್ಮ ಮಕ್ಕಳು ಓದಿ ಮುಗಿಸಿದರು, ಇನ್ನೊಬ್ಬರ ಮಕ್ಕಳ ಶಾಲೆಗೆ ತೆರಿಗೆ ಏಕೆ ಎಂಬ ಧೋರಣೆ ಅದು.

ಹಣದ ಪ್ರಶ್ನೆಯೂ ಇದೆ. ಮನೆ ಕೊಳ್ಳುವ ಶಕ್ತಿ ಇರಬೇಕು, ಪ್ರತಿ ತಿಂಗಳು ಸೌಲಭ್ಯ ಶುಲ್ಕ ಕಟ್ಟಬೇಕು. ಅಲ್ಲಿಯ ಹೋಟೆಲುಗಳ ಸಂಜೆಯಲ್ಲಿ ಮದ್ಯದ ಪಾಲು ಸಣ್ಣದಲ್ಲ. 2020ರಲ್ಲಿ ಲ್ಯಾನ್ಸ್ ಒಪನ್‌ಹೈಮ್ ಎಂಬ ಯುವ ನಿರ್ದೇಶಕ ಈ ಊರಿನ ಮೇಲೆ 'ಸಮ್ ಕೈಂಡ್ ಆಫ್ ಹೆವನ್' ಎಂಬ ಸಾಕ್ಷ್ಯಚಿತ್ರ ತೆಗೆದರು. ಗಂಡನನ್ನು ಕಳೆದುಕೊಂಡು, ಕೈಯಲ್ಲಿದ್ದ ಹಣವೂ ಕರಗಿ, ನೌಕರಿ ಮಾಡುತ್ತಾ ಒಂಟಿಯಾಗಿ ದಿನ ಕಳೆಯುವ ಮಹಿಳೆ ಅದರಲ್ಲಿದ್ದಾರೆ. ಮನೆಯೇ ಇಲ್ಲದೆ ವ್ಯಾನಿನಲ್ಲಿ ಮಲಗುವ ವೃದ್ಧನಿದ್ದಾನೆ. ಸುತ್ತಲೂ ಸಂಗೀತವಿದ್ದರೂ ಅದು ಎಲ್ಲರ ದುಃಖವನ್ನೂ ಕರಗಿಸುವುದಿಲ್ಲ.

ಅಲ್ಲಿಗೆ ಹೋದ ಭಾರತೀಯರ ಕಥೆ ಇನ್ನೊಂದು ಬಗೆಯದು. ಮಕ್ಕಳಿಗಾಗಿ, ನೌಕರಿಗಾಗಿ ಅಮೇರಿಕ ಸೇರಿ ಅಲ್ಲೇ ಮುದುಕರಾದವರು ಸಾವಿರಾರು ಮಂದಿ. ಅಂತಹವರಿಗಾಗಿ ಇಗ್ಗಿ ಇಗ್ನೇಷಿಯಸ್ ಎಂಬ ಭಾರತೀಯ ಮೂಲದ ಉದ್ಯಮಿ ಅದೇ ಫ್ಲೋರಿಡಾದ ಟವೇರಸ್ ಪಟ್ಟಣದಲ್ಲಿ 'ಶಾಂತಿನಿಕೇತನ' ಎಂಬ ಬಡಾವಣೆ ಕಟ್ಟಿಸಿದರು. ಅಲ್ಲಿನ ಸಾಮೂಹಿಕ ಊಟದ ಮನೆಯಲ್ಲಿ ಭಾರತೀಯ ಸಸ್ಯಾಹಾರಿ ಊಟ ಸಿಗುತ್ತದೆ. ನಲವತ್ತು ವರ್ಷ ಅಮೇರಿಕದಲ್ಲಿ ದುಡಿದ ಬಳಿಕವೂ ಕೊನೆಗೆ ನಾಲಿಗೆ ಕೇಳುವುದು ತಾಯಿ ಬಡಿಸಿದ ಊಟವನ್ನು, ಕಿವಿ ಕೇಳುವುದು ತನ್ನ ಭಾಷೆಯನ್ನು.

ನಮ್ಮ ಜಗಲಿಗೆ ಮರಳೋಣ

ಒಂಟಿತನ ಮನಸ್ಸಿನ ಸಣ್ಣ ಬೇಸರವಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೇರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ ಇದರ ಬಗ್ಗೆ ಒಂದು ಎಚ್ಚರಿಕೆ ವರದಿಯನ್ನೇ ಹೊರಡಿಸಿದರು. ಸಾಮಾಜಿಕ ಸಂಬಂಧಗಳಿಲ್ಲದ ಬದುಕು ಆಯುಷ್ಯಕ್ಕೆ ಮಾಡುವ ಹಾನಿಯನ್ನು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಆ ವರದಿ ಹೋಲಿಸಿತು. ಜಗತ್ತಿನಲ್ಲಿ ಆರರಲ್ಲೊಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು.

ನಮ್ಮ ದೇಶದಲ್ಲಿ 2011ರ ಜನಗಣತಿಯ ವೇಳೆಗೇ 60 ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರಲ್ಲಿ ಕಾನೂನು ಬಂದಿದೆ. ಆದರೆ ಆ ಕಾನೂನು ಕೊಡಿಸುವುದು ಅನ್ನ, ಬಟ್ಟೆ, ಔಷಧಿ. ಬಳಿಯಲ್ಲಿ ಕುಳಿತು ಮಾತನಾಡುವವರನ್ನು ಯಾವ ನ್ಯಾಯಾಲಯವೂ ಕೊಡಿಸಲಾರದು.

ನಮ್ಮಲ್ಲೂ ಕೂಟಗಳಿದ್ದವು, ಅವಕ್ಕೆ ಹೆಸರಿರಲಿಲ್ಲ ಅಷ್ಟೇ. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನದ ಬಳಿಕ ನೆರೆಯ ಹೆಂಗಸರು ನಮ್ಮ ಜಗಲಿಯಲ್ಲಿ ಬೀಡಿ ಕಟ್ಟಲು ಸೇರುತ್ತಿದ್ದರು. ಮಡಿಲಲ್ಲಿ ಗೆರಸೆ, ಕೈಯಲ್ಲಿ ಎಲೆ, ಬಾಯಲ್ಲಿ ಇಡೀ ಊರಿನ ಸುದ್ದಿ. ಯಾರ ಮಗಳಿಗೆ ಹೆರಿಗೆ, ಯಾರ ಮನೆಯಲ್ಲಿ ಜ್ವರ ಎಲ್ಲವೂ ಅಲ್ಲೇ ತಿಳಿಯುತ್ತಿತ್ತು. ಆ ದುಡಿಮೆ ಕಷ್ಟದ್ದು, ಎದೆಗೆ ಕೆಟ್ಟದ್ದು. ಅದು ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಆದರೆ ಬೀಡಿಯೊಂದಿಗೆ ಆ ಜಗಲಿಯ ಮಾತೂ ಹೊರಟುಹೋಯಿತು. ಈಗ ಪ್ರತಿ ಮನೆಗೂ ಆವರಣ ಗೋಡೆ ಇದೆ, ಗೇಟು ಇದೆ. ಗೇಟಿನ ಒಳಗೆ ಉಮ್ಮ ಇದ್ದಾರೆ, ಆಚೆ ಮನೆಯ ಗೇಟಿನ ಒಳಗೆ ಅವರ ಹಳೆಯ ಗೆಳತಿ ಇದ್ದಾರೆ. ನಡುವಿನ ದೂರ ಇನ್ನೂರು ಹೆಜ್ಜೆ. ಮೊಣಕಾಲು ನೋವಿನಿಂದ ಇಬ್ಬರೂ ಆ ಇನ್ನೂರು ಹೆಜ್ಜೆ ನಡೆಯಲಾರರು.

ಸಹೋದರಿಯರೇ, ನಮಗೆ ಗಾಲ್ಫ್ ಮೈದಾನ ಬೇಡ, ಮೂರು ಸಾವಿರ ಕ್ಲಬ್ಬುಗಳೂ ಬೇಡ. ಆ ಊರಿನಿಂದ ಮೂರು ಸಣ್ಣ ವಿಷಯಗಳನ್ನು ಮಾತ್ರ ಕಲಿಯಬಹುದು.

ಒಂದು, ಹಿರಿಯರು ಒಬ್ಬರೇ ಉಣ್ಣದಂತೆ ನೋಡಿಕೊಳ್ಳೋಣ. ಅವರಿಗೆ ಏಳು ಗಂಟೆಗೆ ಹಸಿವಾದರೆ ಮನೆಯ ಒಬ್ಬರಾದರೂ ಏಳಕ್ಕೇ ತಟ್ಟೆ ಹಿಡಿದು ಜೊತೆಗೆ ಕೂರಲಿ.

ಎರಡು, ಅವರ ಗೆಳೆಯ ಗೆಳತಿಯರು ಯಾರೆಂದು ತಿಳಿದುಕೊಳ್ಳೋಣ. ನಾವು ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ, ಮದುವೆ ಮನೆಗೆ ಕರೆದೊಯ್ಯುತ್ತೇವೆ. ವಾರಕ್ಕೊಮ್ಮೆ ಗೆಳತಿಯ ಮನೆಗೂ ಕರೆದೊಯ್ದು ಎರಡು ಗಂಟೆ ಬಿಟ್ಟುಬರೋಣ. ಅದು ಔಷಧಿಯಷ್ಟೇ ಅಗತ್ಯ.

ಮೂರು, ಅವರಿಗೆ ಗೊತ್ತಿರುವ ಕೆಲಸವನ್ನು ಅವರಿಂದ ಕಸಿದುಕೊಳ್ಳದಿರೋಣ. "ನೀವು ಸುಮ್ಮನೆ ಕುಳಿತುಕೊಳ್ಳಿ" ಎಂದು ನಾವು ಗೌರವದಿಂದಲೇ ಹೇಳುತ್ತೇವೆ. ಕೇಳುವವರಿಗೆ ಅದು "ನಿಮ್ಮಿಂದ ಇನ್ನು ಪ್ರಯೋಜನವಿಲ್ಲ" ಎಂದು ಕೇಳಿಸುತ್ತದೆ.

ನಮ್ಮ ಮನೆಯಲ್ಲಿ ಈಗ ಗುರುವಾರ ಸಂಜೆ ಉಮ್ಮನ ಇಬ್ಬರು ಗೆಳತಿಯರು ಬರುತ್ತಾರೆ. ಮಗ ಆಟೋ ಮಾಡಿ ಕರೆತರುತ್ತಾನೆ. ಒಬ್ಬರು ಮನೆಯಿಂದ ಏನಾದರೂ ಮಾಡಿಕೊಂಡು ಬರುತ್ತಾರೆ, ಉಮ್ಮ ಚಹಾಕ್ಕೆ ಎಷ್ಟು ಸಕ್ಕರೆ ಎಂದು ನನಗೆ ಅಡುಗೆಮನೆಗೇ ಕೂಗಿ ಹೇಳುತ್ತಾರೆ. ಮೂವರಿಗೂ ಕಿವಿ ಮಂದ. ಮೂವರೂ ಒಟ್ಟಿಗೇ ಮಾತನಾಡುತ್ತಾರೆ. ಕಳೆದ ಗುರುವಾರ ಮಳೆಗೆ ಆಟೋ ಸಿಗಲಿಲ್ಲ, ಯಾರೂ ಬರಲಿಲ್ಲ. ಉಮ್ಮ ಮೂರು ಸಲ ಗೇಟಿನ ತನಕ ನಡೆದು ನೋಡಿ ಬಂದರು. ಅಷ್ಟು ದೂರ ಅವರು ನಡೆಯಬಲ್ಲರು ಎಂಬುದು ನನಗೆ ಅಂದೇ ಗೊತ್ತಾದದ್ದು.