ಅರ್ಧ ಬೆಲೆಯ ನಿಪ್ಪಟ್ಟು

ಮಧ್ಯಾಹ್ನ ಒಂದೂವರೆಗೆ ಫೋರ್ಟ್‌ನ ನಮ್ಮ ಕಚೇರಿಯಲ್ಲಿ ಊಟದ ಡಬ್ಬಿಗಳು ತೆರೆದುಕೊಳ್ಳುತ್ತವೆ. ನಾನು ಜಪಾನ್ ಪ್ರವಾಸ ಮುಗಿಸಿ ಬಂದ ವಾರ, ಡಬ್ಬಿಗಳ ನಡುವೆ ಒಂದು ಸೆಂಬೆ ಪೊಟ್ಟಣವೂ ಇತ್ತು. ಸೆಂಬೆ ಎಂದರೆ ಸೋಯಾ ಸಾಸ್ ಸವರಿ ಸುಟ್ಟ ಅಕ್ಕಿಯ ಬಿಲ್ಲೆ. ನೋಡಲು ನಮ್ಮ ನಿಪ್ಪಟ್ಟಿನ ತಂಗಿ.

ಟೋಕಿಯೊದಲ್ಲಿ ಅಗ್ಗದ ತಿಂಡಿ ಹುಡುಕುವುದೇ ಒಂದು ಆಟ. ಸಂಜೆಯಾಗುತ್ತಿದ್ದಂತೆ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಬ್ಬಂದಿ ಬಂದು ಊಟದ ಪೊಟ್ಟಣಗಳಿಗೆ ರಿಯಾಯಿತಿ ಚೀಟಿ ಅಂಟಿಸುತ್ತಾರೆ. 'ಹನ್‌ಗಾಕು' ಎಂದರೆ ಅರ್ಧ ಬೆಲೆ. ಉಎನೊ ಸ್ಟೇಷನ್ ಪಕ್ಕ, ರೈಲು ಹಳಿಗಳ ಉದ್ದಕ್ಕೂ ಹಬ್ಬಿರುವ ಅಮೆಯೊಕೊ ಪೇಟೆಯಲ್ಲಿ ಅಂಗಡಿಯವರ ಕೂಗು ಕೇಳಿದರೆ ನಮ್ಮ ಕ್ರಾಫರ್ಡ್ ಮಾರ್ಕೆಟ್ಟೇ ನೆನಪಾಗುತ್ತದೆ. ಅಲ್ಲಿ ಬ್ಯಾಗ್ ತುಂಬಿಸಿದೆ.

ನಾನು ಜಾಣೆ ಎಂದುಕೊಂಡಿದ್ದೆ. ಅಲ್ಲಿ ದಿನಾಂಕದಲ್ಲಿ ವರ್ಷ ಮೊದಲು, ದಿನ ಕೊನೆಗೆ ಎಂದು ತಿಳಿದಿತ್ತು. 25.11.08 ಎಂದರೆ 2025ರ ನವೆಂಬರ್ 8. 'ಶೋಮಿ ಕಿಗೆನ್' ಎಂದಿದ್ದರೆ ಆ ದಿನದವರೆಗೆ ರುಚಿ ಚೆನ್ನಾಗಿರುತ್ತದೆ ಎಂದರ್ಥ. 'ಶೋಹಿ ಕಿಗೆನ್' ದಾಟಿದ್ದನ್ನು ಮಾತ್ರ ತಿನ್ನಲೇಬಾರದು. ಅಷ್ಟೆಲ್ಲ ನೋಡಿದವಳು ಒಳಗೇನಿದೆ ಎಂದು ನೋಡಲಿಲ್ಲ.

ಸಹೋದ್ಯೋಗಿಯೊಬ್ಬರು ಮೊಬೈಲನ್ನು ಪೊಟ್ಟಣದ ಹಿಂಬದಿಗೆ ಹಿಡಿದು ಅನುವಾದ ಓದಿದರು: ಕಟ್ಸುಒ ಸಾರ. ಒಣಗಿಸಿ ಹೊಗೆಯಾಡಿಸಿದ ಮೀನಿನದು. ಜಪಾನಿನ ಅಡುಗೆಗೆ ಅದು ನಮ್ಮ ಸಾರಿಗೆ ಬೇಳೆಕಟ್ಟು ಇದ್ದಂತೆ, ಎಲ್ಲದರಲ್ಲೂ ಇಣುಕುತ್ತದೆ.

ನನಗೆ ಕೈಕಾಲು ತಣ್ಣಗಾಯಿತು. ಹಾಸನದಿಂದ ಬಂದಿದ್ದ ಅಮ್ಮ ಹಿಂದಿನ ರಾತ್ರಿ ಅದೇ ಸೆಂಬೆಯನ್ನು ನಾಲ್ಕು ತಿಂದಿದ್ದರು. ಎಪ್ಪತ್ತೆರಡು ವರ್ಷದಲ್ಲಿ ಮೀನು ಮುಟ್ಟಿದವರಲ್ಲ. ಹೇಳದಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಸಿಎಸ್‌ಎಂಟಿಯಿಂದ ಲೋಕಲ್‌ನಲ್ಲಿ ಮನೆ ತಲುಪುವವರೆಗೂ ಅದೇ ಯೋಚನೆ. ಕೊನೆಗೆ ಹೇಳಿಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದ್ದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ ಬಂದರು. "ತಿಳಿಯದೆ ತಿಂದಿದ್ದಕ್ಕೆ ದೇವರು ಏನೂ ಅನ್ನಲ್ಲ ಕಣೇ. ನೀನು ಮುಚ್ಚಿಟ್ಟಿದ್ರೆ ನಾನು ಅಂತಿದ್ದೆ" ಎಂದರು.

ಶನಿವಾರ ಇಬ್ಬರೂ ಕ್ರಾಫರ್ಡ್ ಮಾರ್ಕೆಟ್‌ಗೆ ಹೋದೆವು. 1869ರ ಆ ಕಲ್ಲು ಕಟ್ಟಡದ ಒಳಗೆ ವಿದೇಶಿ ಚಾಕೊಲೇಟ್, ಬಿಸ್ಕತ್ತು, ನೂಡಲ್ಸ್ ರಾಶಿ. ನಿಯಮದಂತೆ ಆಮದಾದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಜೊತೆಗೆ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ತ್ರಿಕೋನ ಇರಬೇಕು. ಟೋಕಿಯೊಗಿಂತ ಬೆಲೆ ಹೆಚ್ಚಾದರೂ ಆ ಪುಟ್ಟ ಚೀಟಿಗೆ ದುಡ್ಡು ಕೊಡಬಹುದು ಅನ್ನಿಸಿತು. ಪ್ರವಾಸ ಹೋಗುವವರು ದಿನಾಂಕದ ಜೊತೆ ಪೊಟ್ಟಣದ ಹಿಂಬದಿಯನ್ನೂ ಮೊಬೈಲಿಗೆ ತೋರಿಸಿ, ಯಾರಿಗಾಗಿ ಕೊಳ್ಳುತ್ತಿದ್ದೀರೋ ಅವರನ್ನು ನೆನೆದು ಆಮೇಲೆ ಬುಟ್ಟಿಗೆ ಹಾಕಿ.

ಅಮ್ಮ ಕನ್ನಡಕ ಏರಿಸಿ ಒಂದೊಂದೇ ಪೊಟ್ಟಣ ತಿರುಗಿಸಿ ನೋಡಿದರು. ಕೊನೆಗೆ ಎಲ್ಲವನ್ನೂ ವಾಪಸಿಟ್ಟು, "ಅಕ್ಕಿಹಿಟ್ಟು ತಗೋ, ನಾನೇ ನಿಪ್ಪಟ್ಟು ಮಾಡ್ತೀನಿ. ನಿಮ್ಮ ಆಫೀಸಿನವರಿಗೂ ಆಗತ್ತೆ" ಎಂದರು.