ಬಿಸಿಲಿಗೆ ಬಿಲ್ ಬಂದ್ರೆ?

ಬಿಲ್ಡಿಂಗ್ ಒಳಗೆ, ಎಲ್‌ಇಡಿ ಬೆಳಕಲ್ಲಿ ಸೊಪ್ಪು ಬೆಳೀತಾರೆ.
ಭತ್ತ ಯಾಕೆ ಬೆಳೆಯಲ್ಲ?

ಕರೆಂಟ್ ಬಿಲ್ ನೋಡಿ, ಗೊತ್ತಾಗುತ್ತೆ.
ಹೊಲದಲ್ಲಿ ಬಿಸಿಲು ಪುಕ್ಕಟೆ.
ಒಳಗೆ ಅದಕ್ಕೂ ಯೂನಿಟ್ ಲೆಕ್ಕ.
ಮಟಮಟ ಮಧ್ಯಾಹ್ನ ಕಿಟಕಿ ಮುಚ್ಚಿ,
ಟ್ಯೂಬ್‌ಲೈಟ್ ಹಾಕ್ಕೊಂಡು ಕೂತ ಹಾಗೆ!
ಲೈಟಿನ ಶಾಖಕ್ಕೆ ಏಸಿ ಬೇರೆ.

ಲೆಟ್ಯೂಸ್ ಆದ್ರೆ ಹೇಗೋ ನಡೆಯುತ್ತೆ.
ತೂಕದ ಬಹುಪಾಲು ನೀರು,
ಬೇಗ ಕಟಾವು, ಒಳ್ಳೇ ರೇಟು.
ಭತ್ತಕ್ಕೆ ನಾಲ್ಕು ತಿಂಗಳು ಬೆಳಕು ಸುರೀಬೇಕು.
ಅದ್ರಲ್ಲಿ ಅರ್ಧ ಹುಲ್ಲಿಗೇ ಹೋಗುತ್ತೆ!

ಸೊಪ್ಪೂ ಸಲೀಸಲ್ಲ ಬಿಡಿ.
ಹೀಗೆ ಒಳಗೇ ಸೊಪ್ಪು ಬೆಳೆಯೋ ಅಮೆರಿಕದ ಕಂಪನಿ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕ್ತು.
ಅಲ್ಲಿನ ಇನ್ನೊಂದು ಕಂಪನಿ ಬೋವರಿ 2024ರಲ್ಲಿ ಬಾಗಿಲೇ ಮುಚ್ತು.

ನಮ್ಮ ಪಾಲಿಹೌಸ್ ಕಥೆ ಬೇರೆ.
ಮೇಲೆ ಪ್ಲಾಸ್ಟಿಕ್ ಇದ್ರೂ ಬೆಳಕು ಸೂರ್ಯನದ್ದೇ.
ದುಡ್ಡು ಹೋಗೋದು ಕಟ್ಟೋಕೆ.
ಅದಕ್ಕೇ ಅಲ್ಲಿ ರಾಗಿ ಬಿತ್ತಲ್ಲ,
ಕಲರ್ ಕ್ಯಾಪ್ಸಿಕಂ ಹಾಕ್ತಾರೆ.